ಕಮ್ಮಿ ಮಾಡ್ತಾ ಮಾಡ್ತಾ ಚರ್ಚಿನವರೆಗೆ: ರಾಬರ್ಟ್ ಹುಡ್ ನಡೆದ ದಾರಿ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಲ್ಲಿ ಕೆಲವರು ಇಯರ್‌ಫೋನ್ ಸಿಗಿಸಿಕೊಂಡು ಮಾತಿಲ್ಲದ ಸಂಗೀತ ಕೇಳುತ್ತಾರೆ. ಹಾಡಾದರೆ ಗಮನ ಸಾಹಿತ್ಯದ ಕಡೆ ಹೋಗುತ್ತದೆ, ಇದಾದರೆ ಸುಮ್ನೆ ಹಿಂದೆ ನಡೆದಿರುತ್ತದೆ ಅನ್ನೋದು ಅವರ ಲೆಕ್ಕ. ಟೆಕ್ನೋ ಅಂದರೆ ಎಲೆಕ್ಟ್ರಾನಿಕ್ ಯಂತ್ರಗಳಲ್ಲಿ ಮಾಡುವ ಕುಣಿತದ ಸಂಗೀತ; ಅದರಲ್ಲಿ ತೀರಾ ಕಮ್ಮಿ ಸದ್ದು ಇಟ್ಟುಕೊಂಡ ಬಗೆ ಮಿನಿಮಲ್ ಟೆಕ್ನೋ. ಅದು ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ, ನಿಜ. ಆದರೆ ಅದಕ್ಕೆ ರೂಪ ಕೊಟ್ಟ ರಾಬರ್ಟ್ ಹುಡ್ ಅವರನ್ನು ಪುಸ್ತಕ ಮುಚ್ಚಿಟ್ಟೇ ಕೇಳಬೇಕು.

ಹುಡ್ ಅಮೆರಿಕದ ಡೆಟ್ರಾಯಿಟ್‌ನವರು. ಕಾರು ಕಾರ್ಖಾನೆಗಳ ಆ ಊರು ಸೊರಗುತ್ತಿದ್ದ 1980ರ ದಶಕದಲ್ಲಿ, ಅಲ್ಲಿನ ಕಪ್ಪು ಯುವಕರ ಕೈಯಲ್ಲಿ ಟೆಕ್ನೋ ಬೆಳೆಯಿತು. 1990ರ ದಶಕದ ಆರಂಭಕ್ಕೆ ಅದು ಯುರೋಪಿನ ರೇವ್ ಪಾರ್ಟಿಗಳಿಗೆ (ರಾತ್ರಿಯಿಡೀ ಕುಣಿಯುವ ಕೂಟಗಳಿಗೆ) ಹೋಗಿ, ವೇಗ ಮತ್ತು ಗದ್ದಲ ಎರಡೂ ಜಾಸ್ತಿಯಾದವು. ಮೈಕ್ ಬ್ಯಾಂಕ್ಸ್, ಜೆಫ್ ಮಿಲ್ಸ್ ಜೊತೆ 'ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್' ತಂಡದಲ್ಲಿದ್ದ ಹುಡ್, ಅಲ್ಲಿಂದ ಹೊರಬಂದ ಮೇಲೆ ಉಲ್ಟಾ ದಾರಿ ಹಿಡಿದರು. ಒಂದೊಂದನ್ನೇ ತೆಗೆಯುತ್ತಾ ಹೋದರು. ಉಳಿದದ್ದು ತಾಳ ಮತ್ತು ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯದ ನಾಲ್ಕಾರು ಸ್ವರ, ಅಷ್ಟೇ. 1994ರ 'ಮಿನಿಮಲ್ ನೇಷನ್' ಮತ್ತು 'ಇಂಟರ್ನಲ್ ಎಂಪೈರ್' ಆಲ್ಬಮ್ಮುಗಳು ಹುಟ್ಟಿದ್ದು ಹೀಗೆ. 'ಎಂ-ಪ್ಲಾಂಟ್' ಎಂಬ ಸ್ವಂತ ಲೇಬಲ್ (ಸಂಗೀತ ಹೊರತರುವ ಸಂಸ್ಥೆ) ಶುರುವಾದದ್ದೂ ಅದೇ ವರ್ಷ.

ಇಷ್ಟಕ್ಕೇ ನಿಲ್ಲಿಸಿದರೆ ಅವರನ್ನು ಅರ್ಧ ಕೇಳಿದಂತೆ. ಮರುವರ್ಷವೇ ಬಂದ 'ನೈಟ್‌ಟೈಮ್ ವರ್ಲ್ಡ್' ಜಾಝ್ ಕಡೆ ವಾಲುತ್ತದೆ, ನಿಧಾನ, ಮೆತ್ತಗೆ. 2000ದ ನಂತರ ಬರ್ಲಿನ್ ಕ್ಲಬ್ಬುಗಳಲ್ಲಿ ಮಿನಿಮಲ್ ಫ್ಯಾಷನ್ ಆಯಿತು. ಅದರಲ್ಲಿ ಎಷ್ಟೋ ಸಂಗೀತ ನನಗೆ ಬರೀ ಸಪ್ಪೆ ಅನಿಸುತ್ತದೆ. ಹುಡ್ ಅವರದು ಯಾವತ್ತೂ ಸಪ್ಪೆಯಲ್ಲ.

ಈ ನಡುವೆ ಅವರು ಡೆಟ್ರಾಯಿಟ್ ಬಿಟ್ಟು ಅಲಬಾಮಾಕ್ಕೆ ಹೋದರು, ದೀಕ್ಷೆ ಪಡೆದು ಪಾದ್ರಿಯಾದರು. 1990ರ ದಶಕದಿಂದಲೇ ಬಳಸುತ್ತಿದ್ದ 'ಫ್ಲೋರ್‌ಪ್ಲಾನ್' ಎಂಬ ಹೆಸರಿನಲ್ಲಿ ಮಾಡುವ ಸಂಗೀತಕ್ಕೆ ಚರ್ಚಿನ ಗಾಯನವೂ ಸೇರಿತು. 2013ರ 'ಪ್ಯಾರಡೈಸ್' ಆಲ್ಬಮ್ಮಿನ 'ನೆವರ್ ಗ್ರೋ ಓಲ್ಡ್' ಕೇಳಿ. ಅಮೆರಿಕದ ಹೆಸರಾಂತ ಗಾಯಕಿ ಅರೀಥಾ ಫ್ರಾಂಕ್ಲಿನ್ 1972ರಲ್ಲಿ ಲಾಸ್ ಏಂಜಲೀಸ್‌ನ ಚರ್ಚೊಂದರಲ್ಲಿ ಹಾಡಿದ ದನಿಯ ತುಣುಕು ಅದರಲ್ಲಿದೆ. ಕೆಳಗೆ ತಾಳ ಬಿಡದೆ ಬಡಿಯುತ್ತದೆ, ಮೇಲೆ ಆ ದನಿ ಮತ್ತೆ ಮತ್ತೆ ಬರುತ್ತದೆ. ಸಾಲು ಬೆಳೆಯುವುದಿಲ್ಲ, ಕೇಳುವವರೊಳಗೆ ಕಾವು ಏರುತ್ತದೆ. ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ 'ಓಂ ನಮಃ ಶಿವಾಯ' ಎಂಬ ಒಂದೇ ನಾಮಕ್ಕೆ ಜನ ತಲೆದೂಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಟೆಕ್ನೋ ಬಿಟ್ಟು ಭಕ್ತಿಗೆ ಹೊರಳಿದರು ಅನ್ನುವುದನ್ನು ನಾನು ಒಪ್ಪುವುದಿಲ್ಲ. 1994ರಲ್ಲಿ ನಾಲ್ಕು ಸ್ವರವನ್ನು ಬಿಡದೆ ಸುತ್ತಿಸಿದವರೇ ಇಲ್ಲಿ ಒಂದು ದನಿಯನ್ನು ಸುತ್ತಿಸುತ್ತಾರೆ. ಕೈ ಅದೇ, ಹಟವೂ ಅದೇ. 2016ರ 'ವಿಕ್ಟೋರಿಯಸ್' ಆಲ್ಬಮ್ಮಿನ ಹೊತ್ತಿಗೆ ಮಗಳು ಲಿರಿಕ್ ಹುಡ್ ಜೊತೆಯಾಗಿದ್ದರು. ಅಲ್ಲಿಂದ ಫ್ಲೋರ್‌ಪ್ಲಾನ್ ಅಂದರೆ ಅಪ್ಪ-ಮಗಳ ಜೋಡಿ.