‘ಹೆಸರಿಗಷ್ಟೇ’ ನಿರ್ದೇಶಕರಾದವರಿಗೆ

ಪ್ರಶ್ನೆ: ನಮ್ಮ ಭಾವನವರ ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ ನಾನು ಹೆಸರಿಗಷ್ಟೇ ಡೈರೆಕ್ಟರ್. ಷೇರೂ ಇಲ್ಲ, ಸಂಬಳವೂ ಇಲ್ಲ. ನಾಳೆ ಏನಾದರೂ ಆದರೆ ನನ್ನ ತಲೆಗೆ ಬರುತ್ತದೆಯೇ?

ಉತ್ತರ: ಭಾವನ ಜಾಗದಲ್ಲಿ ಒಮ್ಮೆ ಮಾವ, ಒಮ್ಮೆ ಗಂಡ ಬರುತ್ತಾರೆಂಬುದನ್ನು ಬಿಟ್ಟರೆ ಈ ಪ್ರಶ್ನೆಗೆ ನಾನು ಎಷ್ಟನೆಯ ಸಲ ಉತ್ತರಿಸುತ್ತಿದ್ದೇನೆಂಬ ಲೆಕ್ಕ ತಪ್ಪಿದೆ. ಪ್ರೈವೇಟ್ ಕಂಪನಿಗೆ ಕನಿಷ್ಠ ಇಬ್ಬರು ನಿರ್ದೇಶಕರು ಬೇಕು. ಎರಡನೆಯ ಹೆಸರು ಸಾಮಾನ್ಯವಾಗಿ ಮನೆಯೊಳಗೇ ಸಿಗುತ್ತದೆ.

2013ರ ಕಂಪನಿ ಕಾಯ್ದೆಯಲ್ಲಿ ವ್ಯವಸ್ಥಾಪಕ ನಿರ್ದೇಶಕರಿದ್ದಾರೆ, ಪೂರ್ಣಾವಧಿ ನಿರ್ದೇಶಕರಿದ್ದಾರೆ, ಸ್ವತಂತ್ರ ನಿರ್ದೇಶಕರಿದ್ದಾರೆ. ‘ಹೆಸರಿಗಷ್ಟೇ ನಿರ್ದೇಶಕರು’ ಮಾತ್ರ ಇಲ್ಲ. ನಿರ್ದೇಶಕನಾಗಲು ಷೇರು ಹೊಂದಿರಬೇಕೆಂದು ಕಾಯ್ದೆ ಹೇಳುವುದೇ ಇಲ್ಲ, ಆದ್ದರಿಂದ ಷೇರಿಲ್ಲವೆಂಬುದು ಸಮಜಾಯಿಷಿಯಾಗದು. ನೇಮಕಕ್ಕೆ ಮುನ್ನ ಲಿಖಿತ ಒಪ್ಪಿಗೆ ಕೊಟ್ಟವರು ನೀವೇ. ಎಚ್ಚರದಿಂದ, ಶ್ರದ್ಧೆಯಿಂದ, ಸ್ವಂತ ವಿವೇಚನೆಯಿಂದ ಕೆಲಸ ಮಾಡಬೇಕೆಂದು 166ನೆಯ ಕಲಮು ವಿಧಿಸುವುದು ಭಾವನವರಿಗೆಷ್ಟೋ ನಿಮಗೂ ಅಷ್ಟೇ. ತಪ್ಪಿದರೆ ಒಂದು ಲಕ್ಷದಿಂದ ಐದು ಲಕ್ಷ ರೂಪಾಯಿಯವರೆಗೆ ದಂಡ.

‘ನಾನು ಸಭೆಗೇ ಹೋಗುವುದಿಲ್ಲ’ ಎನ್ನುವವರ ಧೈರ್ಯ ಕಂಡರೆ ನನಗೆ ಸೋಜಿಗ. ಹನ್ನೆರಡು ತಿಂಗಳಲ್ಲಿ ನಡೆದ ಒಂದು ಮಂಡಳಿ ಸಭೆಗೂ ಹೋಗದಿದ್ದರೆ, ರಜೆ ಕೇಳಿದ್ದರೂ, ಸ್ಥಾನ ತೆರವಾಗುತ್ತದೆ. ತೆರವಾಗಿಲ್ಲವೆಂದರೆ ನಡಾವಳಿ ಪುಸ್ತಕದಲ್ಲಿ ನೀವು ಹಾಜರಿದ್ದೀರಿ ಎಂದು ಯಾರೋ ಬರೆದುಕೊಂಡಿರಬಹುದು. ನಿಮ್ಮ ಡಿಜಿಟಲ್ ಸಹಿಯ ಟೋಕನ್, ಅಂದರೆ ಕಂಪನಿಯ ಕಾಗದಪತ್ರಗಳಿಗೆ ಕಂಪ್ಯೂಟರಿನಲ್ಲಿ ನಿಮ್ಮ ಸಹಿ ಹಾಕುವ ಪೆನ್‌ಡ್ರೈವಿನಂಥ ಸಾಧನ, ಎಲ್ಲಿದೆಯೆಂದು ಒಮ್ಮೆ ನೆನಪಿಸಿಕೊಳ್ಳಿ. ಹೆಸರಿನ ಚೀಟಿ ಅಂಟಿಸಿ, ನಾಲ್ಕೈದನ್ನು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದ ಇಂಥ ಟೋಕನ್‌ಗಳು ಆಡಿಟರ ಮೇಜಿನ ಡ್ರಾಯರಿನಲ್ಲಿ ಬಿದ್ದಿರುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಫೋನಿಗೆ ಬಂದ ಓಟಿಪಿಯನ್ನು ಏನೆಂದು ಕೇಳದೆ ಓದಿ ಹೇಳಿದವರು, ಏನೂ ಮಾಡಿಲ್ಲ ಎನ್ನುವುದು ಹೇಗೆ?

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಚೆಕ್ ಬೌನ್ಸ್ ಪ್ರಕರಣದಲ್ಲಿ ನಿರ್ದೇಶಕನೆಂಬ ಒಂದೇ ಕಾರಣಕ್ಕೆ ಹೊಣೆ ಹೊರಿಸಲಾಗದು, ಆತ ವ್ಯವಹಾರದ ಉಸ್ತುವಾರಿಯಲ್ಲಿರಬೇಕು ಎಂದು ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. ಚೆಕ್ಕಿಗೆ ಸಹಿ ಹಾಕಿದವರಿಗೆ ಆ ರಿಯಾಯಿತಿ ಇಲ್ಲ. ಆದಾಯ ತೆರಿಗೆಯಲ್ಲಂತೂ, ಕಂಪನಿಯಿಂದ ಬಾಕಿ ವಸೂಲಾಗದಿದ್ದರೆ, ಅದಕ್ಕೆ ನನ್ನ ನಿರ್ಲಕ್ಷ್ಯ ಕಾರಣವಲ್ಲವೆಂದು ಸಾಬೀತುಪಡಿಸಬೇಕಾದವರು ಪ್ರೈವೇಟ್ ಕಂಪನಿಯ ನಿರ್ದೇಶಕರೇ. ಸತತ ಮೂರು ವರ್ಷ ಲೆಕ್ಕಪತ್ರ ಅಥವಾ ವಾರ್ಷಿಕ ವಿವರ ಸಲ್ಲಿಸದ ಕಂಪನಿಯ ನಿರ್ದೇಶಕರು ಐದು ವರ್ಷ ಅನರ್ಹರು. 2017ರಲ್ಲಿ ಹೀಗೆ ಅನರ್ಹರಾದವರು ಮೂರು ಲಕ್ಷಕ್ಕೂ ಹೆಚ್ಚು.

ನೀವು ಕೇಳಿಲ್ಲ, ಆದರೂ ರಾಜೀನಾಮೆಯ ವಿಷಯ ಹೇಳಿಬಿಡುತ್ತೇನೆ. ಭಾವನವರು ‘ಆಗಲಿ’ ಎನ್ನುವವರೆಗೆ ಕಾಯಬೇಕಿಲ್ಲ: ಪತ್ರ ಕಂಪನಿಗೆ ತಲುಪಿದ ದಿನ ಅಥವಾ ಪತ್ರದಲ್ಲಿ ನಮೂದಿಸಿದ ದಿನ, ಇವೆರಡರಲ್ಲಿ ಯಾವುದು ನಂತರವೋ ಅಂದಿನಿಂದ ಅದು ಜಾರಿ. ನಿಮ್ಮ ಅವಧಿಯ ತಪ್ಪುಗಳ ಹೊಣೆ ಮಾತ್ರ ಆಮೇಲೂ ಉಳಿಯುತ್ತದೆ. ಕಂಪನಿಗಳನ್ನು ನೋಂದಾಯಿಸುವ ಸರ್ಕಾರಿ ಅಧಿಕಾರಿಯಾದ ರಿಜಿಸ್ಟ್ರಾರರಿಗೆ ಇದನ್ನು ತಿಳಿಸಲು ನಿಮ್ಮ ಕಂಪನಿ ಸತಾಯಿಸಿದರೆ ಡಿಐಆರ್-11 ನಮೂನೆಯಲ್ಲಿ ನೀವೇ ತಿಳಿಸಬಹುದು. ಅದಕ್ಕೂ ನಿಮ್ಮ ಡಿಜಿಟಲ್ ಸಹಿಯೇ ಬೇಕು. ಆದ್ದರಿಂದ ಮೊದಲು ಆ ಡ್ರಾಯರಿನಿಂದ ಟೋಕನ್ ಬಿಡಿಸಿಕೊಂಡು ಬನ್ನಿ.