ಮ್ಯಾಕ್ರೋ ಅಂದ್ರೆ ಕನ್ವರ್ಟರ್ ಅಲ್ಲ ಮಾರಾಯ್ರೆ

ಕಳೆದ ವಾರ ಒಂದು ಪೆನ್‌ಡ್ರೈವ್ ಬಂತು. ಉಡುಪಿ ಕಡೆಯ ಒಂದು ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆಗೆ ಬಂದ 140 ಲೇಖನಗಳು. "ಎಲ್ಲ ಪಿಡಿಎಫ್ ಮಾಡಿ ಆಗಿದೆ, ಮ್ಯಾಕ್ರೋ ಹಾಕಿದ್ದೇನೆ" ಅಂದರು ತಂದವರು. ಮ್ಯಾಕ್ರೋ ಅಂದರೆ ವರ್ಡ್‌ನಂಥ ತಂತ್ರಾಂಶಕ್ಕೆ ಸಾಲಾಗಿ ಕೆಲಸ ಹೇಳುವ ಪುಟ್ಟ ಕೋಡ್. ಒಂದೂ ತೆರೆಯಲಿಲ್ಲ. ನೋಡಿದರೆ ಫೈಲ್ ಹೆಸರಿನ ಬಾಲ ಮಾತ್ರ ಬದಲಾಗಿದೆ. ‘ಡಾಕ್’ ಇದ್ದಲ್ಲಿ ‘ಪಿಡಿಎಫ್’. ಕಮಾಂಡ್ ಪ್ರಾಂಪ್ಟ್‌ನಲ್ಲಿ ಒಂದೇ ಸಾಲಿನ ರಿನೇಮ್. ಅದು ಮ್ಯಾಕ್ರೋನೂ ಅಲ್ಲ, ಕನ್ವರ್ಷನ್ನೂ ಅಲ್ಲ. ನಿಜವಾದ ಪಿಡಿಎಫ್ ಅನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಮೊದಲಿಗೇ ಒಂದು ಶೇಕಡಾ ಚಿಹ್ನೆ, ಅದಕ್ಕೆ ಅಂಟಿಕೊಂಡು ಪಿ, ಡಿ, ಎಫ್ ಕಾಣುತ್ತದೆ. ಇದರಲ್ಲಿ ಅದರ ಸುಳಿವೂ ಇರಲಿಲ್ಲ. ಭರಣಿಗೆ ‘ಮಾವಿನ ಮಿಡಿ’ ಅಂತ ಚೀಟಿ ಅಂಟಿಸಿದರೆ ಒಳಗಿನ ನಿಂಬೆ ಉಪ್ಪಿನಕಾಯಿ ಮಿಡಿ ಆಗುತ್ತದಾ?

ಇದು ಇವರೊಬ್ಬರ ತಪ್ಪಲ್ಲ. ನಾನು ಹೋಗಿಬರುವ ಡಿಟಿಪಿ ಅಂಗಡಿಗಳಲ್ಲಿ ಒಂದೇ ಪತ್ರಕ್ಕೆ ಬೇರೆ ಬೇರೆ ಹೆಸರು ತುಂಬುವ ಮೈಲ್ ಮರ್ಜ್ ಕೂಡ ಮ್ಯಾಕ್ರೋ, ಫೈಂಡ್ ರಿಪ್ಲೇಸ್ ಕೂಡ ಮ್ಯಾಕ್ರೋ. ಕೆಲಸ ಬೇಗ ಮುಗಿದರೆ ಮ್ಯಾಕ್ರೋ, ಕೆಟ್ಟರೆ ವೈರಸ್.

ಮ್ಯಾಕ್ರೋ ಪದದ ಬೇರು ಗ್ರೀಕಿನ ‘ಮಾಕ್ರೋಸ್’. ಉದ್ದ, ದೊಡ್ಡ ಅಂತ ಅರ್ಥ. ಕನ್ನಡವನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ ದೀರ್ಘ ತೋರಿಸಲು ಅಕ್ಷರದ ತಲೆ ಮೇಲೆ ಅಡ್ಡಗೆರೆ ಎಳೆಯುತ್ತಾರಲ್ಲ, ಅದರ ಹೆಸರು ಮ್ಯಾಕ್ರಾನ್. ಅದೂ ಇದೇ ಮನೆತನದ್ದು. ಇಡೀ ದೇಶದ ಲೆಕ್ಕ ನೋಡುವ ಸ್ಥೂಲ ಅರ್ಥಶಾಸ್ತ್ರದ ಇಂಗ್ಲಿಷ್ ಹೆಸರಲ್ಲೂ ಮ್ಯಾಕ್ರೋ ಉಂಟು. ಇರುವೆಯನ್ನು ಆನೆ ಮಾಡಿ ತೋರಿಸುವ ಲೆನ್ಸಿನಲ್ಲೂ ಉಂಟು. ಹಾಗಾದರೆ ಹತ್ತು ಸಾಲಿನ ಪುಟ್ಟ ಕೋಡಿಗೆ ‘ದೊಡ್ಡದು’ ಅಂತ ಹೆಸರು ಯಾಕೆ?

ಯಾಕೆಂದರೆ ಅರ್ಧ ಹೆಸರು ಉದುರಿಹೋಗಿದೆ. 1950ರ ದಶಕದ ಅಸೆಂಬ್ಲರ್ (ಬರೆದ ಸೂಚನೆಯನ್ನು ಯಂತ್ರದ ಭಾಷೆಗೆ ತರುವ ತಂತ್ರಾಂಶ) ಕಾಲದಲ್ಲಿ ಅದು ‘ಮ್ಯಾಕ್ರೋ ಇನ್‌ಸ್ಟ್ರಕ್ಷನ್’ ಆಗಿತ್ತು. ಒಂದು ಸೂಚನೆ ಬರೆದರೆ ಅಸೆಂಬ್ಲರ್ ಅದನ್ನು ಯಂತ್ರಕ್ಕೆ ಬೇಕಾದ ಹಲವು ಸೂಚನೆಗಳಾಗಿ ಬಿಡಿಸುತ್ತಿತ್ತು. ಮೊಬೈಲ್ ಫೋನಿನಲ್ಲಿ ಫೋನ್ ಹೋಗಿ ಮೊಬೈಲ್ ಉಳಿದ ಹಾಗೆ ಇಲ್ಲಿ ಮ್ಯಾಕ್ರೋ ಉಳಿಯಿತು. ನಮ್ಮ ಹೋಟೆಲಿನಲ್ಲಿ ಸಪ್ಲೈಯರ್ ಒಳಗೆ ತಿರುಗಿ "ಒಂದು ಊಟ" ಅಂತ ಕೂಗುತ್ತಾನೆ. ಅಷ್ಟೇ. ಎಲೆ, ಉಪ್ಪಿನಕಾಯಿ, ಪಲ್ಯ, ಅನ್ನ, ಸಾರು, ಹುಳಿ, ಮಜ್ಜಿಗೆ ಎಲ್ಲ ಸಾಲಾಗಿ ಬರುತ್ತದೆ. ಆ ಕೂಗು ಮ್ಯಾಕ್ರೋ. ಅಡುಗೆ ಮಾಡುವುದು ಕೂಗಲ್ಲ, ಭಟ್ರು.

ಇದನ್ನು ಹಿಡಿದುಕೊಂಡರೆ ಅರ್ಧ ಗೊಂದಲ ಹೋಯಿತು. ವರ್ಡ್ ಮ್ಯಾಕ್ರೋ ತಾನಾಗಿ ಏನನ್ನೂ ಕನ್ವರ್ಟ್ ಮಾಡುವುದಿಲ್ಲ. ಫೈಲ್ ತೆರೆ, ಪಿಡಿಎಫ್ ಆಗಿ ಸೇವ್ ಮಾಡು, ಮುಚ್ಚು ಅಂತ ವರ್ಡ್‌ಗೆ ಕೂಗುತ್ತದೆ. ಮಾಡುವುದು ವರ್ಡೇ. ಪಿಡಿಎಫ್‌ನಲ್ಲಿ ಅಕ್ಷರ ಕೆಟ್ಟು ಬಂದರೆ ಮ್ಯಾಕ್ರೋಗೆ ಬೈಯಬೇಡಿ. ಆ ಕಂಪ್ಯೂಟರ್‌ನಲ್ಲಿ ಫಾಂಟ್ ಉಂಟಾ ಅಂತ ಮೊದಲು ನೋಡಿ.

ಇನ್ನೊಂದು ಗೊಂದಲ ರೆಕಾರ್ಡಿಂಗ್‌ನದ್ದು. "ಒಂದು ಫೈಲ್ ಮಾಡಿ ರೆಕಾರ್ಡ್ ಮಾಡಿದರಾಯ್ತು, ಉಳಿದದ್ದು ಅದೇ ಮಾಡುತ್ತದೆ" ಅನ್ನುವವರು ಜಾಸ್ತಿ. ನಾನೂ ಒಂದು ಕಾಲದಲ್ಲಿ ಹಾಗೇ ನಂಬಿದ್ದೆ. ರೆಕಾರ್ಡ್ ಮಾಡಿ, ಒಂದು ಶಾರ್ಟ್‌ಕಟ್ ಕೀ ಕೊಟ್ಟು, ಟಿವಿ ನೋಡುತ್ತಾ ಅರ್ಧ ಗಂಟೆ ಒತ್ತಿದೆ. ಕೊನೆಗೆ ಸಿಕ್ಕಿದ್ದು ಒಂದೇ ಪಿಡಿಎಫ್: ಅಧ್ಯಕ್ಷರ ಸಂದೇಶ. ರೆಕಾರ್ಡರ್ ಆ ಫೈಲಿನ ಹೆಸರನ್ನೂ ಸೇರಿಸಿ ಬರೆದುಕೊಂಡಿತ್ತು. ಪ್ರತಿ ಸಲವೂ ಅದನ್ನೇ ತೆರೆದು, ಅದರ ಮೇಲೇ ಸೇವ್ ಮಾಡಿತ್ತು.

ದೇವಸ್ಥಾನದಲ್ಲಿ ಸೇವೆ ಮಾಡಿಸಿದವರಿಗೆ ಇದು ಸುಲಭ. ಸಂಕಲ್ಪದ ಮಂತ್ರದಲ್ಲಿ ‘ಅಮುಕ ಗೋತ್ರ, ಅಮುಕ ನಕ್ಷತ್ರ’ ಅಂತ ಇರುತ್ತದೆ. ರಶೀದಿ ನೋಡಿ ಭಟ್ರು ಆ ಜಾಗಕ್ಕೆ ನಿಮ್ಮದನ್ನು ಹಾಕುತ್ತಾರೆ. ರೆಕಾರ್ಡ್ ಮಾಡಿದ ಮ್ಯಾಕ್ರೋ ಮೊದಲ ಭಕ್ತರ ಹೆಸರಲ್ಲೇ ಎಲ್ಲ ರಶೀದಿಗಳ ಸೇವೆ ಮುಗಿಸುತ್ತದೆ. ಹೆಸರು ತೆಗೆದು ‘ಅಮುಕ’ ಹಾಕುವ ಕೆಲಸ ನಿಮ್ಮದು. ಆಲ್ಟ್ ಮತ್ತು ಎಫ್11 ಒತ್ತಿದರೆ ಕೋಡ್ ತೆರೆಯುತ್ತದೆ. ಅಲ್ಲಿ ಬರೆಯಬೇಕಾದದ್ದು ಇಷ್ಟು: ಮ್ಯಾಕ್ರೋ ಫೋಲ್ಡರಿನಲ್ಲಿ ಮೊದಲ ಫೈಲಿನ ಹೆಸರು ಕೇಳಬೇಕು. ಹೆಸರು ಸಿಗುವವರೆಗೂ ತೆರೆಯುವುದು, 17ನೇ ಫಾರ್ಮ್ಯಾಟ್‌ನಲ್ಲಿ ಸೇವ್ ಮಾಡುವುದು, ಮುಚ್ಚುವುದು, ಮುಂದಿನ ಹೆಸರು ಕೇಳುವುದು. 17 ಅಂದರೆ ವರ್ಡ್‌ನ ಲೆಕ್ಕದಲ್ಲಿ ಪಿಡಿಎಫ್. ಹಳೇ ಡಾಕ್‌ಗಳನ್ನು ಡಾಕ್‌ಎಕ್ಸ್‌ಗೆ (ವರ್ಡ್‌ನ ಹೊಸ ಫೈಲ್ ರೂಪಕ್ಕೆ) ತರುವುದಾದರೆ ಹೊಸದಕ್ಕೆ ಬೇರೆ ಫೋಲ್ಡರ್ ಕೊಡಿ. ಎಷ್ಟೋ ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ‘ಡಾಕ್’ ಅಂತ ಹುಡುಕಿದರೆ ಡಾಕ್‌ಎಕ್ಸ್ ಕೂಡ ಸಿಗುತ್ತದೆ. ಮಾಡಿಟ್ಟದ್ದನ್ನೇ ಮತ್ತೆ ಎತ್ತಿಕೊಳ್ಳುತ್ತದೆ.

ವೈರಸ್ ಭಯ ಸುಳ್ಳಲ್ಲ. 1999ರ ಮೆಲಿಸ್ಸಾ ವರ್ಡ್ ಮ್ಯಾಕ್ರೋ ರೂಪದಲ್ಲೇ ಮೈಲ್ ಹತ್ತಿ ಬಂದಿತ್ತು. 2022ರಿಂದ ಮೈಕ್ರೋಸಾಫ್ಟ್ ಇಂಟರ್ನೆಟ್‌ನಿಂದ ಬಂದ ಫೈಲಿನ ಮ್ಯಾಕ್ರೋಗಳನ್ನು ಸುಮ್ನೆ ತಡೆದುಬಿಡುತ್ತದೆ. ಹಾಗಂತ ನೀವೇ ಬರೆದದ್ದಕ್ಕೂ ಹೆದರಬೇಕಾಗಿಲ್ಲ. ಅದನ್ನು ಡಾಕ್‌ಎಂ ಆಗಿ ಉಳಿಸಿ. ಡಾಕ್‌ಎಕ್ಸ್‌ನಲ್ಲಿ ಮ್ಯಾಕ್ರೋ ನಿಲ್ಲುವುದಿಲ್ಲ.

ಪೆನ್‌ಡ್ರೈವ್ ತಂದವರಿಗೆ ಇಷ್ಟೂ ಹೇಳಿದೆ. ಬಾಲ ಸರಿಮಾಡಿ, ಮ್ಯಾಕ್ರೋ ಓಡಿಸಿ, 140 ಪಿಡಿಎಫ್ ಕೊಟ್ಟೆ. "ಹಾಗಾದರೆ ಅದೇ ಮ್ಯಾಕ್ರೋದಲ್ಲಿ ನುಡಿಯನ್ನೂ ಯುನಿಕೋಡ್ ಮಾಡಿ ಕೊಡಿ" ಅಂದರು. ನುಡಿ ಅಂದರೆ ಕನ್ನಡ ಟೈಪ್ ಮಾಡುವ ತಂತ್ರಾಂಶ, ಅದರ ಹಳೇ ಫಾಂಟಿಗೆ ಅದರದ್ದೇ ಸಂಕೇತ. ಯುನಿಕೋಡ್ ಎಲ್ಲ ಕಡೆ ನಡೆಯುವ ಸಂಕೇತ. ಅದು ಬೇರೆಯೇ ಕಥೆ ಮಾರಾಯ್ರೆ. ಪಿಡಿಎಫ್ ಮಾಡುವಾಗ ಪುಟದ ಚಿತ್ರ ಉಳಿದರೆ ಸಾಕು. ಅಕ್ಷರದ ಒಳಗಿನ ಸಂಕೇತ ಬದಲಾಗುವುದಿಲ್ಲ. ನುಡಿಯ ಹಳೇ ಫಾಂಟಿನಲ್ಲಿ ಅರ್ಕಾವತ್ತು ವ್ಯಂಜನದ ಹಿಂದೆ ಕೂತಿರುತ್ತದೆ. ಯುನಿಕೋಡ್‌ನಲ್ಲಿ ‘ರ’ ಮೊದಲು ಬರಬೇಕು. ಬರೀ ಫೈಂಡ್ ರಿಪ್ಲೇಸ್ ಸಾಲುವುದಿಲ್ಲ, ಒಂದೊಂದನ್ನೂ ಎತ್ತಿ ಮುಂದೆ ಕೂರಿಸಬೇಕು. ‘ಧರ್ಮದರ್ಶಿ’ ಒಂದೇ ಪದದಲ್ಲಿ ಎರಡು ಅರ್ಕಾವತ್ತು. ದೇವಸ್ಥಾನದ ಸಂಚಿಕೆಯಲ್ಲಿ ಆ ಪದ ಎಷ್ಟು ಸಲ ಬರುತ್ತದೆ ಅಂತ ನಿಮಗೆ ಗೊತ್ತುಂಟಲ್ಲ.