ಬೇಲಿಯ ಹರಳು ಗಿಡ ಕಡಿದರೆ ಏಲಕ್ಕಿಯ ಕಾಂಡಕೊರಕ ಹೋಗುತ್ತದೆಯೇ?

ಪ್ರಶ್ನೆ: ನಮ್ಮ ಏಲಕ್ಕಿ ತೋಟದ ಬೇಲಿಯುದ್ದಕ್ಕೂ ಹರಳು ಗಿಡಗಳಿವೆ. ಹರಳು ಕಾಯಿ ಕೊರೆಯುವ ಹುಳುವೇ ಏಲಕ್ಕಿ ಕಾಂಡಕ್ಕೂ ಬರುತ್ತದೆ, ಗಿಡ ಕಡಿದುಹಾಕಿ ಎನ್ನುತ್ತಾರೆ. ಕಡಿಯಬೇಕೇ?

ಬೇಡ. ಭಾಗಮಂಡಲದಿಂದ ಸೋಮವಾರಪೇಟೆಯವರೆಗೆ ಎಲ್ಲ ಕಡೆಯಿಂದಲೂ ಈ ಪ್ರಶ್ನೆ ಬರುತ್ತಲೇ ಇದೆ, ಉತ್ತರವೂ ಅದೇ: ಹರಳಿನ ಹುಳು ಬೇರೆ, ಏಲಕ್ಕಿಯ ಹುಳು ಬೇರೆ. ಎರಡೂ ಕೋನೊಗೆಥಿಸ್ ಕುಲದವು, ಅಷ್ಟರ ಮಟ್ಟಿಗೆ ದಾಯಾದಿಗಳು ನಿಜ.

ಈ ನಂಬಿಕೆ ಹುಟ್ಟಿದ್ದು ತೋಟದಲ್ಲಲ್ಲ, ಪುಸ್ತಕದಲ್ಲಿ. 1854ರಲ್ಲಿ ಫ್ರೆಂಚ್ ಕೀಟತಜ್ಞ ಗೆನೆ ಪಂಕ್ಟಿಫೆರಾಲಿಸ್ ಎಂಬ ಪ್ರಭೇದವನ್ನು ವಿವರಿಸಿದ. 1884ರಲ್ಲಿ ಇಂಗ್ಲಿಷ್ ಕೀಟತಜ್ಞ ಮೇರಿಕ್ ಕೋನೊಗೆಥಿಸ್ ಕುಲ ಸ್ಥಾಪಿಸಿದ. ಹಳೆಯ ಕೃಷಿ ಪುಸ್ತಕಗಳಲ್ಲಿ ಇದೇ ಹುಳುವಿಗೆ ಡೈಕೊಕ್ರೋಸಿಸ್ ಎಂದಿರುತ್ತದೆ, ಗಾಬರಿ ಬೇಡ. ತೊಂದರೆ ಆದದ್ದು ಮುಂದೆ. ಹಳದಿ ರೆಕ್ಕೆಯ ಮೇಲೆ ಕಪ್ಪು ಚುಕ್ಕಿಗಳಿದ್ದು, ಕಾಂಡವನ್ನೋ ಕಾಯಿಯನ್ನೋ ಕೊರೆಯುವ ಪತಂಗ ಕಂಡರೆ ಸಾಕು, ಪಂಕ್ಟಿಫೆರಾಲಿಸ್ ಎಂದೇ ಬರೆದರು. ಹರಳು, ಸೀಬೆ, ಏಲಕ್ಕಿ, ಶುಂಠಿ, ಅರಿಸಿನ ಎಲ್ಲವೂ ಒಂದೇ ಹುಳುವಿನ ಊಟದ ಪಟ್ಟಿಗೆ ಸೇರಿಹೋದವು. ಪಟ್ಟಿ ನಂಬಿದವರು ಕತ್ತಿ ಹಿಡಿದು ಬೇಲಿಗೆ ಹೊರಟರು.

2018ರಲ್ಲಿ ಏಲಕ್ಕಿ ಮತ್ತು ಅದರ ಬಳಗದ ಗಿಡಗಳನ್ನು ಕೊರೆಯುವುದನ್ನು ಕೋನೊಗೆಥಿಸ್ ಸಹ್ಯಾದ್ರಿಯೆನ್ಸಿಸ್ ಎಂಬ ಪ್ರತ್ಯೇಕ ಪ್ರಭೇದವೆಂದು ವಿವರಿಸಲಾಯಿತು. ಆಧಾರ ಚುಕ್ಕಿಗಳ ಲೆಕ್ಕವಲ್ಲ. ದೇಹರಚನೆ, ಜನನಾಂಗದ ಆಕಾರ ಮತ್ತು ಡಿಎನ್‌ಎ. ಚುಕ್ಕಿ ಎಣಿಸಿ ಪ್ರಭೇದ ಹೇಳುತ್ತೇನೆ ಎನ್ನುವವರ ಮಾತು ದಯವಿಟ್ಟು ಕೇಳಬೇಡಿ. ಒಂದೇ ಪ್ರಭೇದದಲ್ಲೂ ಚುಕ್ಕಿಗಳು ಏರುಪೇರಾಗುತ್ತವೆ, ರೆಕ್ಕೆಯ ಹುಡಿ ಉದುರಿದರಂತೂ ಅರ್ಧ ಮಾಯ.

"ಆದರೆ ಹರಳು ಕಡಿದ ವರ್ಷ ನಮ್ಮಲ್ಲಿ ಹುಳು ಕಡಿಮೆಯಾಯಿತಲ್ಲ?" ಆಗಿರಬಹುದು. ಬೇಲಿ ಸವರಿದವರು ಅದೇ ಆಳುಗಳಿಂದ ಏಲಕ್ಕಿ ಬುಡವನ್ನೂ ಬಿಡಿಸಿ, ಸುಳಿ ಒಣಗಿದ ಕಾಂಡ ತೆಗೆಸಿರುತ್ತಾರೆ. ಕೆಲಸ ಮಾಡಿದ್ದು ಅದು, ಹೆಸರು ಬಂದದ್ದು ಹರಳಿಗೆ. ಅನುಮಾನ ಪಡುವುದಿದ್ದರೆ ಗುತ್ತಿಗೆಗೆ ಕೊಟ್ಟ ಗದ್ದೆಯ ಶುಂಠಿಯನ್ನು, ಹಿತ್ತಿಲ ಅರಿಸಿನವನ್ನು, ತೋಡಿನ ಬದಿಯ ಕಾಡು ಶುಂಠಿ ಜಾತಿಯ ಗಿಡಗಳನ್ನು ನೋಡಿ. ಅದು ಏಲಕ್ಕಿಯದೇ ಬಳಗ.

ಹುಳು ಒಳಗಿದೆಯೋ ಇಲ್ಲವೋ ನೋಡುವುದು ಹೀಗೆ. ಕಾಂಡದ ಮೇಲಿನ ತೂತಿನಿಂದ ಹಸಿಯಾದ ಹಿಕ್ಕೆ ಹೊರಬಂದಿದ್ದರೆ ಹುಳು ಇದೆ. ಹಿಕ್ಕೆ ಒಣಗಿ ಹುಡಿಯಾಗಿದ್ದರೆ ಪತಂಗವಾಗಿ ಹಾರಿಹೋಗಿರುವುದೇ ಹೆಚ್ಚು, ಆ ಕಾಂಡ ಕಡಿದು ಲಾಭವಿಲ್ಲ. ಹಸಿ ಹಿಕ್ಕೆಯ ಕಾಂಡವನ್ನು ಬುಡದಲ್ಲಿ ಕತ್ತರಿಸಿ ಉದ್ದಕ್ಕೆ ಸೀಳಿ: ನಡುವಿನ ತಿರುಳು ತಿಂದ ಸುರಂಗ, ಅದರೊಳಗೆ ಕಂದು ತಲೆಯ, ತಿಳಿ ಹಸಿರು ಮೈಗೆ ಬೆನ್ನ ಮೇಲೆ ನಸುಗೆಂಪು ಛಾಯೆಯ ಹುಳು. ಮೈಮೇಲಿನ ಸಣ್ಣ ಗಟ್ಟಿ ಬಿಲ್ಲೆಗಳಿಂದ ಒಂದೊಂದೇ ಕೂದಲು ಎದ್ದಿರುತ್ತದೆ. ಪೂರ್ತಿ ಬೆಳೆದದ್ದು ಸುಮಾರು ಒಂದು ಅಂಗುಲ. ಕೋಶ ಕಟ್ಟುವುದೂ ಅದೇ ಸುರಂಗದೊಳಗೆ, ತೆಳ್ಳಗಿನ ರೇಷ್ಮೆ ಹೊದ್ದು. ಸೀಳಿದ್ದನ್ನು ತೋಟದಲ್ಲೇ ಎಸೆದರೆ ಕೋಶದಲ್ಲಿರುವುದು ಪತಂಗವಾಗಿ ಏಳುತ್ತದೆ, ಸುಡಿ.

ಮದ್ದು ಹೊಡೆಯುವವರು ಸೋಲುವುದು ಹೊತ್ತಿನಲ್ಲಿ. ಮರಿಹುಳು ಮೊದಲು ಬಿಚ್ಚದ ಸುಳಿ, ಹೂಗೊಂಚಲು, ಎಳೆಕಾಯಿಗಳನ್ನು ಕೊರೆಯುತ್ತದೆ, ಬಲಿತ ಮೇಲೆ ಕಾಂಡದೊಳಕ್ಕೆ ಹೋಗುತ್ತದೆ. ಆಮೇಲೆ ಹೊಡೆದ ಮದ್ದು ಕಾಂಡ ತೊಳೆದಂತೆ ಅಷ್ಟೇ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹಗಲು ಹೊತ್ತು ಎಲೆಯ ಅಡಿ ನೋಡಿ. ಹಳದಿ ಪತಂಗಗಳು ರೆಕ್ಕೆ ಹರಡಿ ಕೂತಿರುತ್ತವೆ, ಬಲೆಯಲ್ಲಿ ಹಿಡಿಯಬಹುದು. ಅವು ಕಂಡ 15-20 ದಿನದೊಳಗೆ ಮಾತ್ರ ಸಿಂಪಡಣೆಗೆ ಅರ್ಥ. ಯಾವ ಮದ್ದು, ಎಷ್ಟು ಎಂಬುದನ್ನು ಅಂಗಡಿಯವರ ಬದಲು ಅಪ್ಪಂಗಳದ ಏಲಕ್ಕಿ ಸಂಶೋಧನಾ ಕೇಂದ್ರದಲ್ಲಿ ಕೇಳಿ.

ಇನ್ನು ಯಾರೂ ಕೇಳದಿದ್ದರೂ ಹೇಳಿಬಿಡುತ್ತೇನೆ: ಈ ಪತಂಗದ ಕಿವಿ ಇರುವುದು ಹೊಟ್ಟೆಯ ಬುಡದಲ್ಲಿ. ರೆಕ್ಕೆ ಹರಡಿದರೆ ಸುಮಾರು ಒಂದು ಅಂಗುಲವಷ್ಟೇ ಇರುವ ಜೀವಿಗೆ ಬಾವಲಿಯ ಸದ್ದು ಹಿಡಿಯುವ ಜೋಡಿ ತಮಟೆ! ಕುಟುಂಬ ಹೇಳಲೂ ಅದೇ ಗುರುತು. ಲೆನ್ಸಿನಲ್ಲಿ ನೋಡಿದಾಗ ಕಿವಿಯ ಗೂಡು ಮುಂದಕ್ಕೆ ತೆರೆದಿದ್ದರೆ ಕ್ರಾಂಬಿಡೆ. ಕೋನೊಗೆಥಿಸ್ ಸೇರುವುದು ಇಲ್ಲಿಗೆ. ಗೂಡು ಬಹುಪಾಲು ಮುಚ್ಚಿದ್ದರೆ ಪೈರಾಲಿಡೆ, ಅಂದರೆ ನಿಮ್ಮ ಅಕ್ಕಿ ಡಬ್ಬದಿಂದ ಹಾರುವ ಬೂದು ಪತಂಗದ ಕುಟುಂಬ. ಎರಡರಲ್ಲೂ ಹೀರುಕೊಳವೆಯ ಬುಡಕ್ಕೆ ಹುರುಪೆ ಹೊದಿಕೆ ಇರುತ್ತದೆ, ಹಾಗಾಗಿ ಅದನ್ನು ನೋಡಿ ಬೇರ್ಪಡಿಸಲಾಗದು.

ಕುಲದ ಹರವು ಭಾರತ, ಶ್ರೀಲಂಕಾದಿಂದ ಆಗ್ನೇಯ ಏಷ್ಯಾ, ಚೀನಾ, ಜಪಾನ್ ದಾಟಿ ಆಸ್ಟ್ರೇಲಿಯಾದವರೆಗೆ. ಜಪಾನಿನಲ್ಲಿ ಪೀಚ್ ಹಣ್ಣು ಕೊರೆಯುವುದನ್ನೂ ಪೈನ್ ಮರದ್ದನ್ನೂ ಬಹುಕಾಲ ಒಂದೇ ಎಂದಿದ್ದರು. 2006ರಲ್ಲಿ ಪೈನಿನದಕ್ಕೆ ಪೈನಿಕೊಲಾಲಿಸ್ ಎಂದು ಬೇರೆ ಹೆಸರು ಕೊಟ್ಟರು.